ಜಮಖಂಡಿ ಸಾಹೇಬರ ಜಂಬ

ಕಳೆದ ತಿಂಗಳು ನರಗುಂದದಿಂದ ರೋಣಕ್ಕೆ ಬರುತ್ತಿದ್ದಾಗ, ಯಾವಗಲ್ಲಿನಲ್ಲಿ ಬಸ್ಸು ಹತ್ತಿದ ಅಜ್ಜಿಯೊಬ್ಬರು ನನ್ನ ಪಕ್ಕದಲ್ಲಿ ಬಂದು ಕೂತರು. ಉಟ್ಟದ್ದು ಗಂಜಿ ಹಾಕಿದ ಕೈಮಗ್ಗದ ಸೀರೆ. ಅವರು ಚೀಲ ಕೆಳಗಿಟ್ಟು, ಸೆರಗು ಎಳೆದುಕೊಂಡು ಸರಿಯಾಗಿ ಕೂರುವಷ್ಟರಲ್ಲಿ ಅದು ಚರಚರ ಅನ್ನುತ್ತಲೇ ಇತ್ತು. ಕಿಟಕಿಯ ಬಿಸಿಲು ಅವರ ಮಡಿಲ ಮೇಲೆ ಬಿದ್ದು ಸೀರೆ ಬೆಚ್ಚಗಾಗುತ್ತಿದ್ದಂತೆ ಗಂಜಿಯ ವಾಸನೆ ಮೆಲ್ಲಗೆ ಎದ್ದಿತು. ತುಸು ಹುಳಿ, ತುಸು ಜೋಳದ ಹಿಟ್ಟು, ಅದರೊಳಗೆ ಎಲ್ಲೋ ಒಂದಿಷ್ಟು ಎಣ್ಣೆಯ ಜಿಡ್ಡು. ಕಂಡಕ್ಟರು ಅವರನ್ನು ಎಲ್ಲಿಗೆ ಎಂದು ಕೇಳಿದ್ದು ನನಗೆ ಕೇಳಿಸಲೇ ಇಲ್ಲ. ನಾನು ಅಷ್ಟೊತ್ತಿಗಾಗಲೇ ಗಜೇಂದ್ರಗಡದ ನಮ್ಮ ಓಣಿಯಲ್ಲಿದ್ದೆ. ಬೆಳಗಿನ ಬಿಸಿಲು ಇನ್ನೂ ಗುಡ್ಡ ಇಳಿದಿರಲಿಲ್ಲ, ಓಣಿಯ ಉದ್ದಕ್ಕೂ ನೂಲಿನ ಹಾಸು ಚಾಚಿತ್ತು, ಮತ್ತು ನಮ್ಮ ಗೌರತ್ತಿ ಕೈಯಲ್ಲಿ ಗಂಜಿಯ ಕುಂಚ ಹಿಡಿದುಕೊಂಡು ಪತ್ತೇದಾರ ಜಮಖಂಡಿ ಸಾಹೇಬರ ಕಥೆ ಹೇಳುತ್ತಿದ್ದಳು. ನಿಮಗೂ ಇಂಥದೊಂದು ವಾಸನೆ ಇದ್ದೇ ಇರುತ್ತದೆ. ಅದು ಯಾವ ಬಸ್ಸಿನಲ್ಲಿ ಬಂದು ಪಕ್ಕಕ್ಕೆ ಕೂರುತ್ತದೋ ಹೇಳಲಾಗದು.

ನಮ್ಮದು ಮಗ್ಗದ ಮನೆ. ಪಡಸಾಲೆಯ ನೆಲದಲ್ಲಿ ಅಗೆದ ಕುಣಿಗಳಲ್ಲಿ ಕಾಲು ಇಳಿಬಿಟ್ಟು, ಒಂದು ಮಗ್ಗದಲ್ಲಿ ಅಪ್ಪ, ಇನ್ನೊಂದರಲ್ಲಿ ಗೌರತ್ತಿ ಕೂತು ಪಟ್ಟೇದ ಅಂಚಿನ ಸೀರೆ ನೇಯುತ್ತಿದ್ದರು. ಅವ್ವ ಗೋಡೆಗೆ ಒರಗಿ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಲಾಳಿ ಆ ಕಡೆ ಈ ಕಡೆ ಓಡಾಡುವ ಸದ್ದಿನಲ್ಲೇ ನಾನು ಪಾಠ ಓದಿದ್ದು, ನಿದ್ದೆ ಮಾಡಿದ್ದು. ಗೌರತ್ತಿ ಅಪ್ಪನ ಅಕ್ಕ. ಮದುವೆಯಾಗಿ ಹೊಳೆದಂಡೆಯ ಕೊಣ್ಣೂರಿಗೆ ಹೋಗಿದ್ದವಳು ಗಂಡ ತೀರಿಕೊಂಡ ಮೇಲೆ ತವರಿಗೆ ಬಂದಿದ್ದಳು. ಬಂದವಳು ಮೂಲೆ ಹಿಡಿದು ಕೂರಲಿಲ್ಲ. ಅಜ್ಜನ ಕಾಲದಿಂದ ಖಾಲಿ ಬಿದ್ದಿದ್ದ ಮಗ್ಗಕ್ಕೆ ತಾನೇ ಇಳಿದು, ತಾನು ನೇಯ್ದ ಮೊದಲ ಸೀರೆಯನ್ನು ತಮ್ಮನ ಸೀರೆಯ ಪಕ್ಕದಲ್ಲಿ ಹಾಸಿ, ಯಾವುದು ಚಲೋ ಐತಿ ಎಂದು ಮನೆಗೆ ಬಂದವರನ್ನೆಲ್ಲ ಕೇಳಿದಳಂತೆ. ಬಂದವರು ಏನು ಹೇಳಿದರೋ ಗೊತ್ತಿಲ್ಲ. ಅಪ್ಪ ಮಾತ್ರ ಆ ಸುದ್ದಿ ತೆಗೆದಾಗಲೆಲ್ಲ ಮಾತು ತಿರುಗಿಸುತ್ತಿದ್ದ.

ಹೊಸ ಹಾಸಿನ ನೂಲಿಗೆ ಗಂಜಿ ಹಚ್ಚುವ ದಿನ ಓಣಿಯೇ ನಮ್ಮ ಮನೆಯಾಗುತ್ತಿತ್ತು. ಸೀರೆಯ ಉದ್ದದ ಎಳೆಗಳನ್ನೆಲ್ಲ ಕಟ್ಟಿಗೆಯ ಗೂಟಗಳ ನಡುವೆ ಬಿಗಿದು, ಅವು ಒಂದಕ್ಕೊಂದು ಅಂಟದಂತೆ ಗಂಜಿ ಬಳಿದು, ಬಿಸಿಲೇರುವುದರೊಳಗೆ ಒಣಗಿಸಬೇಕು. ಒಬ್ಬರಿಬ್ಬರ ಕೆಲಸವಲ್ಲ. ನೆರೆಹೊರೆಯವರು ಬಂದು ಕೈಜೋಡಿಸಬೇಕು. ನಾಳೆ ಅವರ ಹಾಸಿನ ಕೆಲಸಕ್ಕೆ ನಾವು ಹೋಗಬೇಕು. ಬೇರೆ ಮನೆಯವರು ಜನ ಕರೆಯಲು ಬಾಗಿಲು ಬಾಗಿಲು ತಿರುಗುತ್ತಿದ್ದರು. ನಮ್ಮ ಮನೆಗೆ ಕರೆಯದೆಯೇ ಬರುತ್ತಿದ್ದರು, ಏಕೆಂದರೆ ನಮ್ಮಲ್ಲಿ ಜಮಖಂಡಿ ಸಾಹೇಬರಿದ್ದರು. ಗೌರತ್ತಿ ಕುಂಚ ಎಳೆಯುತ್ತ ಹಾಸಿನ ಉದ್ದಕ್ಕೂ ನಡೆಯುತ್ತಿದ್ದಳು, ಕಥೆಯೂ ಅವಳ ಜೊತೆಗೆ ನಡೆಯುತ್ತಿತ್ತು. ಆ ತುದಿಯಲ್ಲಿ ನಿಂತವರಿಗೆ ಕೊಲೆ ಕೇಳಿಸಿದರೆ ಈ ತುದಿಯವರಿಗೆ ಬರೀ ಪಂಚನಾಮೆ. ಹಾಗಾಗಿ ನಮ್ಮ ಓಣಿಯಲ್ಲಿ ಒಂದೊಂದು ಕಥೆಗೂ ಎರಡೆರಡು ರೂಪಗಳಿದ್ದವು, ಅವುಗಳ ಸಲುವಾಗಿ ಮನೆಮನೆಗೂ ಜಗಳವಾಗುತ್ತಿತ್ತು. ಕಳ್ಳ ಯಾರು ಎಂಬುದನ್ನು ಮಾತ್ರ ಆಕೆ ಹಾಸು ಮುಗಿಯುವವರೆಗೆ ಬಾಯಿ ಬಿಡುತ್ತಿರಲಿಲ್ಲ. ಯಾರೂ ಅರ್ಧಕ್ಕೆ ಕುಂಚ ಇಟ್ಟು ಹೋಗದಂತೆ ತಡೆಯಲು ಇದಕ್ಕಿಂತ ಒಳ್ಳೆಯ ಉಪಾಯ ಇರಲಿಲ್ಲ.

ಜಮಖಂಡಿ ಸಾಹೇಬರನ್ನು ಗೌರತ್ತಿ ಎಲ್ಲಿಂದ ತಂದಳೋ ನನಗೆ ತಿಳಿಯದು. ಅವಳೇ ಹುಟ್ಟಿಸಿದವರು ಅವರು. ಆದರೆ ಜಮಖಂಡಿ ಕಡೆಯಿಂದ ಯಾರಾದರೂ ಸಂತೆಗೆ ಬಂದರೆ, ನಿಮ್ಮೂರ ಸಾಹೇಬ್ರು ಆರಾಮ ಅದಾರೇನ್ರಿ ಎಂದು ನಮ್ಮ ಓಣಿಯ ಹೆಂಗಸರು ಕೇಳುವಷ್ಟು ಅವರು ಖರೇ ಆಗಿದ್ದರು. ಆ ಮನುಷ್ಯನ ಜಂಬವನ್ನು ಏನು ಹೇಳಲಿ. ಕಿವಿಯಲ್ಲಿ ಅತ್ತರಿನ ಹತ್ತಿ, ತಲೆಗೆ ಜರಿಯ ರುಮಾಲು. ಕಳುವಾದ ಮನೆಗೆ ಹೋದರೆ ಮೊದಲು ಕೇಳುವುದು ಕನ್ನಡಿ. ಚಹಾ ಲೋಟದಲ್ಲಿ ಕೊಟ್ಟರೆ ಮುಟ್ಟುತ್ತಿರಲಿಲ್ಲ, ಕಪ್ಪು-ಬಸಿಯೇ ಬೇಕು. ‘ಗೊತ್ತಿಲ್ಲ’ ಎಂಬ ಮಾತು ಅವರ ಬಾಯಲ್ಲಿ ಎಂದೂ ಬಂದದ್ದಲ್ಲ. ‘ಈಗ ಹೇಳೂದಿಲ್ಲ’ ಎನ್ನುತ್ತಿದ್ದರು. ಯಾರೂ ಹೊಗಳದಿದ್ದರೆ ಸಿಟ್ಟಾಗಿ ಹೋಗಿ ಬಸ್‌ಸ್ಟ್ಯಾಂಡಿನಲ್ಲಿ ಕೂರುತ್ತಿದ್ದರು, ಊರಿನವರು ಹೋಗಿ ಕೈಮುಗಿದು ಕರೆತರಬೇಕು. ಒಮ್ಮೆ ಯಾವುದೋ ಮುದುಕಿಯ ಆಡು ಕಳೆದಾಗ, ಆಡು ಹುಡುಕಲು ತನ್ನಂಥವನು ಬರಬೇಕೇ ಎಂದು ಆಕೆಯನ್ನು ಬೈದು ಕಳಿಸಿಬಿಟ್ಟರು. ಆಮೇಲೆ ಆ ಆಡನ್ನು ಊರ ಪೊಲೀಸ ಹುಡುಕುತ್ತಿದ್ದಾನೆ ಎಂದು ಗೊತ್ತಾದದ್ದೇ ತಡ, ಅನ್ನ ಬಿಟ್ಟು ಎದ್ದು, ಮುಳ್ಳುಕಂಟಿಯಲ್ಲಿ ರುಮಾಲು ಹರಿದುಕೊಂಡು, ಪೊಲೀಸನಿಗಿಂತ ಮೊದಲು ಆಡು ಹಿಡಿದು ತಂದರು. ಹಾಸಿನ ಎರಡೂ ತುದಿಯವರು ಆ ದಿನ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ನನಗೆ ಆ ಸಾಹೇಬರ ಮೇಲೆ ಸ್ವಲ್ಪ ಸಿಟ್ಟೇ ಇತ್ತು. ಸಾಲೆಯಲ್ಲಿ ನಮಗೆ ವಿನಯ ಕಲಿಸುತ್ತಿದ್ದರು. ಜಂಬ ಪಡುವವರು ಕೊನೆಗೆ ಬಿದ್ದೇ ಬೀಳುತ್ತಾರೆ ಎಂದು ಹೇಳಿಕೊಡುತ್ತಿದ್ದರು. ಈ ಸಾಹೇಬರು ಯಾವ ಕಥೆಯಲ್ಲೂ ಬೀಳುತ್ತಿರಲಿಲ್ಲ. ಒಂದು ಸಂಜೆ ಗೌರತ್ತಿ ನನ್ನ ಜಡೆ ಹೆಣೆಯುವಾಗ, ಇಷ್ಟು ಶ್ಯಾಣೆ ಮನುಷ್ಯನಿಗೆ ಇಷ್ಟೊಂದು ಜಂಬ ಏಕೆ ಇಟ್ಟೆ ಎಂದು ಕೇಳಿದೆ. ಆಕೆ ಜಡೆಯನ್ನು ಒಮ್ಮೆ ಬಿಗಿಯಾಗಿ ಎಳೆದಳು.

“ಜಂಬ ಇಲ್ಲದಾಂವ, ಇದು ನನ್ನ ಕೈಲೆ ಆಗೂದಿಲ್ಲ ಅಂತ ಮನಿಗೆ ಹೋಗಿ ಮಲಗತಾನ ಕೂಸ,” ಎಂದಳು. “ಸಾಹೇಬ್ರಿಗೆ ಹಾಂಗ ಮಲಗಾಕ ಬರೂದಿಲ್ಲ. ತಪ್ಪ ಉತ್ತರದ ಮ್ಯಾಲೆ ಅವರ ಹೆಸರ ಇರಬಾರದು ನೋಡು.”

ಆಗ ನನಗೆ ಇದು ಪೂರ್ತಿ ತಿಳಿಯಲಿಲ್ಲ. ಆದರೆ ಆಕೆ ಯಾರ ಬಗ್ಗೆ ಹೇಳುತ್ತಿದ್ದಾಳೆ ಎಂಬುದು ಅಷ್ಟಿಷ್ಟು ತಿಳಿದಿತ್ತು. ಗೌರತ್ತಿಯ ಸೀರೆಯ ನಿರಿಗೆ ಸಂಜೆಯವರೆಗೂ ಮುರಿಯುತ್ತಿರಲಿಲ್ಲ. ಗೋಡೆಯ ಗೂಡಿನಲ್ಲಿ ಅವಳದೇ ಒಂದು ಕನ್ನಡಿ, ಅದನ್ನು ನಾವು ಮುಟ್ಟುವ ಹಾಗಿಲ್ಲ. ರೊಟ್ಟಿ ಬಡಿದರೆ ಓಣಿಯವರಿಗೆಲ್ಲ ಕೇಳಲಿ ಎಂಬಂತೆ ಬಡಿಯುತ್ತಿದ್ದಳು. ವಯಸ್ಸು ಏರಿದಂತೆ ಕಣ್ಣು ಮಂಜಾಗತೊಡಗಿದಾಗ ಅವ್ವ ಮೆಲ್ಲಗೆ ಒಂದು ಮಾತು ಹೇಳಿ ನೋಡಿದಳು: ರೋಣದ ದವಾಖಾನೆಗೆ ಹೋಗಿ ಕಣ್ಣು ತೋರಿಸಿಕೊಂಡು ಚಾಳೀಸು ತರೋಣವೇ ಎಂದು. ಗೌರತ್ತಿ ಎರಡು ದಿನ ಅವ್ವನ ಕೈಯ ಚಹಾ ಕುಡಿಯಲಿಲ್ಲ. ಮೂಗಿನ ಮೇಲೆ ಚಾಳೀಸು ಏರಿಸಿಕೊಂಡರೆ ಮುದುಕಿಯಾದಂತೆ ಎಂದು ಅವಳ ಲೆಕ್ಕ. ಎಳೆ ಎಣಿಸಲು ತನಗೆ ಬೆರಳು ಸಾಕು ಎನ್ನುತ್ತಿದ್ದಳು, ಅದು ಸುಳ್ಳೂ ಅಲ್ಲ.

ಎಣಿಕೆಗೆ ಬೆರಳು ಸಾಕು, ಬಣ್ಣಕ್ಕೆ ಸಾಲದು. ನಮ್ಮ ನೂಲಿಗೆ ಬಣ್ಣ ಕಟ್ಟುತ್ತಿದ್ದವನು ಹಿಂದಿನ ಓಣಿಯ ಇಮಾಮಸಾಬ. ಅವನ ತಂದೆ ನಮ್ಮ ಅಜ್ಜನಿಗೆ ಬಣ್ಣ ಕಟ್ಟಿಕೊಟ್ಟವನು. ಇಮಾಮಸಾಬ ಮಿತಭಾಷಿ, ಮೊಣಕೈವರೆಗೂ ಯಾವಾಗಲೂ ಏನಾದರೊಂದು ಬಣ್ಣ. ಅವನ ಕೈಯಿಂದ ಬಂದ ಕೆಂಪಿಗೆ ಊರಿನಲ್ಲಿ ಹೆಸರೇ ಬೇರೆ. ಬೇರೆಯವರ ಕೆಂಪು ತೋರಿಸಿದರೆ, ಇದಲ್ರಿ, ಇಮಾಮಸಾಬನ ಕೆಂಪು ತಗೀರಿ ಎಂದು ಗಿರಾಕಿಗಳು ಕೇಳುತ್ತಿದ್ದರು. ಅವನ ಬದುಕು ನಿಂತಿದ್ದದ್ದು ಆ ಒಂದು ಮಾತಿನ ಮೇಲೆ. ಗೌರತ್ತಿಯನ್ನು ಅವನು ಅಕ್ಕಾರ ಎನ್ನುತ್ತಿದ್ದ. ಆಕೆಯೋ ಅವನ ಕೆಂಪನ್ನು ಎಂದೂ ಎದುರಿಗೆ ಹೊಗಳಿದವಳಲ್ಲ, ಹೊಗಳಿಕೆಯೆಲ್ಲ ತನ್ನ ಅಂಚಿಗೇ ಬರಲಿ ಎಂಬ ಆಸೆ.

ಪಟ್ಟೇದ ಅಂಚಿನ ಸೀರೆಯ ದೊಡ್ಡಸ್ತಿಕೆ ಏನೆಂದರೆ ಅದಕ್ಕೆ ಮೇಲಂಚು ಕೆಳಂಚು ಎಂಬ ಭೇದವಿಲ್ಲ. ಎರಡೂ ಕಡೆ ಒಂದೇ ಅಗಲ, ಒಂದೇ ಬಣ್ಣ. ನೆಲಕ್ಕೆ ತಾಗಿ ಒಂದು ಅಂಚು ಸವೆದರೆ ತಿರುಗಿಸಿ ಉಟ್ಟರಾಯಿತು. ಆ ವರ್ಷ ಬೆಳವಣಕಿಯ ಒಂದು ಮದುವೆ ಮನೆಯವರು ಮದುಮಗಳ ತಾಯಿಗೆ ಉಡಿಸಲು ಒಂದು ಸೀರೆ ಹೇಳಿದ್ದರು. ಗೌರತ್ತಿಯ ಕೈಯದೇ ಬೇಕು ಎಂದು ಹೇಳಿ ಹೋಗಿದ್ದರು, ಅಷ್ಟು ಸಾಕಿತ್ತು ಅವಳಿಗೆ. ಸೀರೆ ಹೋದ ಕೆಲವೇ ದಿನಕ್ಕೆ ಹಿಂದಕ್ಕೆ ಬಂತು. ಬಂದವರು ಏನೂ ಬೈಯಲಿಲ್ಲ. ಅಂಗಳದಲ್ಲಿ ಸೀರೆಯನ್ನು ಮಡಿಕೆ ಬಿಚ್ಚಿ ಎರಡೂ ಅಂಚುಗಳನ್ನು ಬಿಸಿಲಿನಲ್ಲಿ ಒಂದರ ಮೇಲೊಂದು ಇಟ್ಟು ತೋರಿಸಿದರು. ಒಂದು ಅಂಚು ದಾಸಾಳದ ಕೆಂಪು. ಇನ್ನೊಂದು ಅದಕ್ಕಿಂತ ಕಂದಿದ, ಕಪ್ಪಡರಿದ ಕೆಂಪು. ಮಗ್ಗದ ಮೇಲೆ ಆ ಅಂಚು ಅಲ್ಲಿ, ಈ ಅಂಚು ಇಲ್ಲಿ ದೂರ ದೂರ ಇರುತ್ತವೆ, ಪಡಸಾಲೆಯಲ್ಲಿ ಬೆಳಕೂ ಕಡಿಮೆ. ಬಿಸಿಲಿನಲ್ಲಿ ಮಾತ್ರ ಮುಚ್ಚಿಡುವಂತಿರಲಿಲ್ಲ.

ಅಪ್ಪನ ಸಿಟ್ಟು ನೇರವಾಗಿ ಬಣ್ಣದ ಮೇಲೆ ಹೋಯಿತು. ಇಮಾಮಸಾಬನನ್ನು ಕರೆಸಿದ. ಅವನು ಅಂಚನ್ನು ಬೆರಳಿನಲ್ಲಿ ಉಜ್ಜಿ ನೋಡಿ, ಈ ಕಂದಿದ ಕೆಂಪು ಈ ಸಲ ನಾನು ಕಟ್ಟಿದ್ದಲ್ಲ ಎಂದ. ಹಾಗಾದರೆ ನಮ್ಮ ಮನೆಗೆ ಇನ್ಯಾರು ಬಣ್ಣ ಕಟ್ಟುತ್ತಾರೆ ಎಂದು ಅಪ್ಪ ಕೇಳಿದ. ಇಮಾಮಸಾಬ ಅಂಚನ್ನು ಇನ್ನೊಮ್ಮೆ ಉಜ್ಜಿ ನೋಡಿದ. ಇನ್ನು ಮುಂದೆ ನೂಲು ಬೇರೆ ಕಡೆಗೆ ಕೊಡುವುದಾಗಿ ಅಪ್ಪ ಓಣಿಗೆಲ್ಲ ಕೇಳುವ ಹಾಗೆ ಹೇಳಿಬಿಟ್ಟ. ಇಮಾಮಸಾಬ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಮರುದಿನವೇ ಎದುರುಮನೆಯವರು, ಅವನಿಗೆ ಕೊಟ್ಟಿದ್ದ ನೂಲನ್ನು ವಾಪಸು ತರಿಸಿಕೊಂಡರೆ ಹೇಗೆ ಎಂದು ಅಪ್ಪನ ಹತ್ತಿರ ಸಲಹೆ ಕೇಳಲು ಬಂದರು. ತಲೆಮಾರಿನಿಂದ ಕಟ್ಟಿದ ಹೆಸರು ಒಂದು ಬಿಸಿಲಿಗೆ ಹೋಗುವುದರಲ್ಲಿತ್ತು. ಇಮಾಮಸಾಬ ನನ್ನ ಗೊಂಬೆಗಳ ಚಿಂದಿಗೂ ಬಣ್ಣ ಅದ್ದಿಕೊಡುತ್ತಿದ್ದವನು.

ಗೌರತ್ತಿ ಈ ಹೊತ್ತಿಗೆ ಸೀರೆ ಎತ್ತಿಕೊಂಡಿದ್ದಳು. ಅದನ್ನು ಬಿಸಿಲಿಗೆ ಒಯ್ದಳು, ನೆರಳಿಗೆ ತಂದಳು. ಮೂಗಿನ ಹತ್ತಿರ ಹಿಡಿದಳು. ಕಂದಿದ ಅಂಚಿನಿಂದ ಒಂದು ಎಳೆ ಬಿಡಿಸಿ ನೀರಿನಲ್ಲಿ ಅದ್ದಿ ನೋಡಿದಳು. ತಮ್ಮನ ಜೊತೆ ಇಮಾಮಸಾಬನನ್ನು ಬೈಯಲೂ ಇಲ್ಲ, ಬಿಡಿಸಿಕೊಳ್ಳಲೂ ಇಲ್ಲ. ಏನಾಯಿತು ಎಂದು ಅವ್ವ ಕೇಳಿದರೆ, ಈಗ ಹೇಳೂದಿಲ್ಲ ಎಂದಳು. ಅದು ಸಾಹೇಬರ ಮಾತು. ಮಧ್ಯಾಹ್ನ ಆಕೆ ಸೊಂಟದ ಸಂಚಿಯಿಂದ ಕೀಲಿ ತೆಗೆದು ತನ್ನ ತಗಡಿನ ಪೆಟ್ಟಿಗೆ ತೆರೆದಳು. ಹಳೆಯ ಹಾಸುಗಳಲ್ಲಿ ಉಳಿದ ಬಣ್ಣದ ನೂಲಿನ ಲಡಿಗಳನ್ನೆಲ್ಲ ಆಕೆ ಅದರಲ್ಲಿ ಇಡುತ್ತಿದ್ದಳು. ತಳದಲ್ಲಿದ್ದ ಒಂದು ಹಳೆಯ ಕೆಂಪು ಲಡಿ ಅರ್ಧಕ್ಕಿಂತ ಕಡಿಮೆಯಾಗಿತ್ತು. ಅದನ್ನು ಬಾಗಿಲ ಬೆಳಕಿಗೆ ತಂದು, ಕಣ್ಣಿನ ತೀರ ಹತ್ತಿರ ಹಿಡಿದು, ಅಂಚಿನ ಪಕ್ಕ ಇಟ್ಟಳು. ಎರಡನೆಯ ಅಂಚಿಗೆ ನೂಲು ಸಾಲದೆ ಬಂದಾಗ, ಯಾರನ್ನೂ ಕೇಳದೆ, ಕೆಂಪು ಕೆಂಪೇ ಎಂದುಕೊಂಡು ಅವಳೇ ಅದನ್ನು ತೆಗೆದು ಮಗ್ಗದ ಮೇಲೆಯೇ ಹಾಸಿನ ಎಳೆಗಳಿಗೆ ಸೇರಿಸಿದ್ದಳು. ಆ ಪೆಟ್ಟಿಗೆಯ ಕೀಲಿ ಬೇರೆ ಯಾರ ಕೈಗೂ ಹೋಗುತ್ತಿರಲಿಲ್ಲ. ನಾನು ಕಂಬದ ಹತ್ತಿರ ನಿಂತು ನೋಡುತ್ತಿದ್ದೆ. ಆಕೆಗೂ ಗೊತ್ತಿತ್ತು ನಾನು ನೋಡುತ್ತಿದ್ದೇನೆ ಎಂದು. ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ.

ಆಕೆ ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಈ ಮಾತನ್ನು ನಾನು ದೊಡ್ಡವಳಾದ ಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಪೆಟ್ಟಿಗೆ ಮುಚ್ಚಿ ಕೀಲಿ ಸಂಚಿಗೆ ಹಾಕಿಕೊಂಡಿದ್ದರೆ ಅವಳ ಕೈಗೆ ಕಣ್ಣಿಗೆ ಇದ್ದ ಹೆಸರು ಹಾಗೇ ಉಳಿಯುತ್ತಿತ್ತು. ಅಷ್ಟು ಜಂಬದ ಹೆಂಗಸು ಅದನ್ನೇ ಮಾಡುತ್ತಾಳೆ ಎಂದು ನೀವು ಅಂದುಕೊಂಡರೆ ತಪ್ಪಲ್ಲ, ನಾನೂ ಹಾಗೇ ಹೆದರಿದ್ದೆ.

ಮುಂದಿನ ಹಾಸಿನ ದಿನ ಬೆಳಿಗ್ಗೆ ಗೌರತ್ತಿ ಗಂಜಿ ಸಿಂಪಡಿಸುವ ಮೊದಲೇ ನನ್ನನ್ನು ಇಮಾಮಸಾಬನ ಮನೆಗೆ ಓಡಿಸಿದಳು. ಜಮಖಂಡಿ ಸಾಹೇಬರು ಕರೆದಿದ್ದಾರೆ ಎಂದಷ್ಟೇ ಹೇಳಬೇಕು ಎಂದಳು. ಅವನು ಬಂದು ಎದುರುಮನೆಯ ಕಟ್ಟೆಯ ಮೇಲೆ, ಯಾರಿಗೂ ಸಂಬಂಧವಿಲ್ಲದವನಂತೆ ಕೂತ. ಅಪ್ಪ ಮುಖ ತಿರುಗಿಸಿದ. ಗೌರತ್ತಿ ಅಂದು ತನ್ನ ಅತ್ಯಂತ ಚಲೋ ಸೀರೆ ಉಟ್ಟಿದ್ದಳು, ಗಂಜಿ ಕೆಲಸಕ್ಕೆ ಯಾರೂ ಉಡದಂಥದ್ದು. ಕಥೆ ಶುರುವಾಯಿತು. ಒಬ್ಬ ದೇಸಾಯರ ವಾಡೆ. ದೇಸಾಯರ ಹೆಂಡತಿಯ ಹಾರದಲ್ಲಿ ಒಂದು ಹರಳು ಬೇರೆ. ಹಾರ ಮಾಡಿದ ಪತ್ತಾರನೇ ಹರಳು ಬದಲಿಸಿದ ಎಂದು ಊರೆಲ್ಲ ಅಂದಿತು. ಸಾಹೇಬರಿಗೆ ಕರೆ ಹೋಯಿತು. ಬಂದರು, ಕನ್ನಡಿ ಕೇಳಿದರು, ಕಪ್ಪು-ಬಸಿಯಲ್ಲಿ ಚಹಾ ಕುಡಿದರು. ಜನ ಎಂದಿನಂತೆ ನಕ್ಕರು. ಆಮೇಲೆ ಕಥೆ ನಿಧಾನವಾಗಿ ಬೇರೆ ದಾರಿ ಹಿಡಿಯಿತು. ಹರಳುಗಳ ಪೆಟ್ಟಿಗೆಯ ಕೀಲಿ ಯಾರ ಹತ್ತಿರವಿತ್ತು ಎಂದು ಸಾಹೇಬರು ಕೇಳಿದರು. ವಾಡೆಯವರು, ಹಾರ ಮಾಡಿಸುವಾಗ ನೀವೇ ಕಾವಲಿಗೆ ಅಂತ ಇಟ್ಟುಕೊಂಡಿದ್ದಿರಲ್ಲ ಸಾಹೇಬರೇ ಎಂದರು. ಅವ್ವನ ಕೈಯ ಕುಂಚ ನಿಂತಿತು. ಗೌರತ್ತಿ ನಡೆಯುತ್ತಲೇ ಇದ್ದಳು, ಆ ದಿನ ಮಾತ್ರ ಎರಡೂ ತುದಿಯವರಿಗೆ ಕೇಳುವಷ್ಟು ಗಟ್ಟಿಯಾಗಿ. ಸಾಹೇಬರು ಎಲ್ಲರನ್ನೂ ಅಂಗಳದಲ್ಲಿ ಕೂರಿಸಿದರು, ರುಮಾಲು ಸರಿಮಾಡಿಕೊಂಡರು.

“ದೇಸಾಯರ, ಈ ಕಳ್ಳ ಭಾಳ ಶ್ಯಾಣೆ ಅದಾನ. ಇಂಥಾವನ್ನ ಹಿಡಿಯೂದು ಈ ಜಮಖಂಡಿ ಒಬ್ಬನ ಕೈಲೆ ಅಷ್ಟ ಆಗತೈತಿ. ಯಾಕಂದ್ರ ಆ ಕಳ್ಳ ಈ ಜಮಖಂಡಿನ. ಕಣ್ಣ ಕಾಣೂದಿಲ್ಲ ಅಂತ ಹೇಳಾಕ ನಾಚಿ, ಒಂದು ಹರಳಿನ ಬದಲಿ ಇನ್ನೊಂದು ಕೊಟ್ಟಾನ.”

ಯಾರೂ ನಗಲಿಲ್ಲ. ಹಾಸು ಇನ್ನೂ ಅರ್ಧವೂ ಆಗಿರಲಿಲ್ಲ. ಕಳ್ಳನನ್ನು ಆಕೆ ಅರ್ಧದಲ್ಲಿ ಹೇಳಿದ್ದು ಅದೊಂದೇ ಸಲ. ಅಪ್ಪ ತಲೆ ತಗ್ಗಿಸಿ ಗಂಜಿ ಬಳಿಯುತ್ತಲೇ ಇದ್ದ, ಬಳಿದ ಜಾಗದಲ್ಲೇ ಮತ್ತೆ ಬಳಿಯುತ್ತಿದ್ದ. ಆಗ ಕಟ್ಟೆಯ ಮೇಲಿನಿಂದ ಇಮಾಮಸಾಬ, ಬರೀ ಕಥೆ ಕೇಳುವವನ ದನಿಯಲ್ಲಿ, ಆಮೇಲೆ ಆ ಪತ್ತಾರನಿಗೆ ಸಾಹೇಬರು ಏನಂದರು ಎಂದು ಕೇಳಿದ.

ಗೌರತ್ತಿ ನಿಂತಳು. ಯಾವ ಕಥೆಯಲ್ಲೂ ಸಾಹೇಬರು ಯಾರ ಕ್ಷಮೆಯನ್ನೂ ಕೇಳಿರಲಿಲ್ಲ. ಕುಂಚದಿಂದ ಗಂಜಿ ಅವಳ ಚಲೋ ಸೀರೆಯ ಮೇಲೆ ತೊಟ್ಟಿಕ್ಕುತ್ತಿತ್ತು, ಆಕೆ ಅದನ್ನು ನೋಡಿಕೊಳ್ಳಲಿಲ್ಲ.

“ಸಾಹೇಬ್ರಿಗೆ ಆ ಮಾತ ಆಡಾಕ ಬರೂದಿಲ್ಲೋ ಇಮಾಮ,” ಎಂದಳು. “ಯಾರೂ ಕಲಿಸಿಲ್ಲ ಅವರಿಗೆ.”

“ಬಿಡ್ರಿ ಅಕ್ಕಾರ,” ಎಂದ ಅವನು. “ಸಾಹೇಬ್ರು ಸಾಹೇಬ್ರಾಂಗ ಇದ್ರನ ಚಂದ.” ಹಾಗೆಂದವನೇ ಕಟ್ಟೆಯಿಂದ ಇಳಿದು, ಅಂಗಿಯ ತೋಳು ಮೇಲೇರಿಸಿ, ಬಿದ್ದಿದ್ದ ಒಂದು ಕುಂಚ ಎತ್ತಿಕೊಂಡು ಅಪ್ಪನ ಎದುರಿಗೆ ಹಾಸಿನ ಆ ಮಗ್ಗುಲಲ್ಲಿ ನಿಂತ. ಎದುರುಮನೆಯವರು ಅವನಿಂದ ನೂಲು ವಾಪಸು ತರಿಸಲಿಲ್ಲ. ನಮ್ಮ ಮನೆಯ ನೂಲೂ ಬೇರೆ ಕಡೆಗೆ ಹೋಗಲಿಲ್ಲ. ಬೆಳವಣಕಿಗೆ ಹೊಸ ಸೀರೆ ಹೋಯಿತು, ಎರಡೂ ಅಂಚು ಇಮಾಮಸಾಬನ ಕೆಂಪು. ಅದರ ಮುಂದಿನ ಕಥೆಯಲ್ಲಿ ಸಾಹೇಬರು ಬಂಗಾರದ ಕಟ್ಟಿನ ಚಾಳೀಸು ಹಾಕಿಕೊಂಡು ಬಂದರು, ಅಂಥ ಚಾಳೀಸು ಇಡೀ ಮುಂಬೈ ಇಲಾಖೆಯಲ್ಲೇ ಇಲ್ಲ ಎಂದು ಕೊಚ್ಚಿಕೊಂಡರು. ಆ ವಾರವೇ ಗೌರತ್ತಿ ಅವ್ವನನ್ನು ಕರೆದುಕೊಂಡು ರೋಣದ ಬಸ್ಸು ಹತ್ತಿದಳು.

ನಾನು ಆಮೇಲೆ ಪತ್ತೇದಾರಿ ಕಾದಂಬರಿಗಳನ್ನು ಸಿಕ್ಕಾಪಟ್ಟೆ ಓದಿದೆ. ಬಾಡಿಗೆ ಪುಸ್ತಕದ ಅಂಗಡಿಯವನು ನನ್ನನ್ನು ಕಂಡರೆ ಹೊಸದು ಬಂದಿಲ್ಲ ಎಂದು ಮೊದಲೇ ಕೈ ಆಡಿಸುತ್ತಿದ್ದ. ಎಲ್ಲ ಪತ್ತೇದಾರರೂ ಜಂಬದವರೇ. ಓದುವವರು ಅದನ್ನು ಅವರ ಒಂದು ಐಬು ಎಂದು ನಕ್ಕು ಬಿಡುತ್ತಾರೆ. ನನಗೆ ನಗಲಾಗುವುದಿಲ್ಲ. ಅಹಂಕಾರ ಮನುಷ್ಯನನ್ನು ಕುರುಡು ಮಾಡುತ್ತದೆ, ನಿಜ, ಗೌರತ್ತಿಯನ್ನು ಮಾಡಿತ್ತು. ಆದರೆ ಅದೇ ಅಹಂಕಾರ ಅವಳನ್ನು ಆ ಪೆಟ್ಟಿಗೆ ಮುಚ್ಚಿ ಮಲಗಲು ಬಿಡಲಿಲ್ಲ. ವಿನಯವಂತರಾದ ನಾವೆಲ್ಲ, ಯಾರದು ತಪ್ಪೋ ಯಾರಿಗೆ ಗೊತ್ತು ಎಂದು ಇಮಾಮಸಾಬನನ್ನು ಹೋಗಗೊಟ್ಟಿದ್ದೆವು. ತನ್ನ ಬುದ್ಧಿಯ ಮೇಲೆ ಅಷ್ಟು ಪ್ರೀತಿ ಇದ್ದವಳಿಗೆ ಮಾತ್ರ ತಪ್ಪು ಉತ್ತರವನ್ನು ಸಹಿಸಲಾಗಲಿಲ್ಲ. ಆ ಜಂಬದ ಋಣ ನನ್ನ ಮೇಲೆ ಇದೆ. ಇವತ್ತಿಗೂ ನನ್ನ ಕೆಲಸದಲ್ಲಿ ಹೋಗಲಿ ಬಿಡು ಎನ್ನುವ ಮನಸ್ಸಾದಾಗ, ಯಾರೋ ಹಿಂದಿನಿಂದ ನನ್ನ ಜಡೆ ಎಳೆದ ಹಾಗಾಗುತ್ತದೆ.

ಆ ಮನೆ ಈಗ ನಮ್ಮದಲ್ಲ. ವಿದ್ಯುತ್ ಮಗ್ಗಗಳು ಬಂದ ಮೇಲೆ ನಮ್ಮ ಮಗ್ಗಗಳು ಒಂದೊಂದೇ ನಿಂತವು. ಅಪ್ಪ ಅವ್ವ ಹೋದ ಮೇಲೆ ಕೊಂಡವರು ಕುಣಿಗಳಿಗೆ ಮಣ್ಣು ತುಂಬಿ ಮೇಲೆ ಟೈಲ್ಸು ಹಾಕಿಸಿದ್ದಾರೆ. ಒಮ್ಮೆ ಹೋದಾಗ ಒಳಗೆ ಕರೆದು ಚಹಾ ಕೊಟ್ಟರು, ಒಳ್ಳೆಯ ಜನ. ನಾನು ಕೂತಿದ್ದ ಕುರ್ಚಿಯ ಕೆಳಗೇ ಗೌರತ್ತಿಯ ಕುಣಿ ಇತ್ತು ಎಂದು ಅವರಿಗೆ ಹೇಳಲಿಲ್ಲ. ಓಣಿಗೆ ಈಗ ಕಾಂಕ್ರೀಟು, ಹಾಸು ಚಾಚಲು ಗೂಟ ಹುಗಿಯುವಂತಿಲ್ಲ, ಚಾಚುವವರೂ ಇಲ್ಲ.

ಗೌರತ್ತಿಯ ಕೊನೆಯ ದಿನಗಳಲ್ಲಿ ನಾನು ಅವಳ ಹತ್ತಿರವಿದ್ದೆ ಎಂಬುದು ನನ್ನ ಪುಣ್ಯ. ಹಾಸಿಗೆ ಹಿಡಿದಿದ್ದಳು, ಆದರೂ ತಲೆ ಬಾಚದೆ ಯಾರನ್ನೂ ಒಳಗೆ ಬಿಡಗೊಡುತ್ತಿರಲಿಲ್ಲ. ಒಂದು ಮಧ್ಯಾಹ್ನ ಇಮಾಮಸಾಬ ನೋಡಲು ಬಂದ. ಅವನೂ ಮುದುಕನಾಗಿದ್ದ, ಬಣ್ಣದ ಕೆಲಸ ಬಿಟ್ಟು ಎಷ್ಟೋ ಕಾಲವಾಗಿತ್ತು, ಕೈ ಬರೀ ಕೈಯ ಬಣ್ಣದ್ದಾಗಿತ್ತು. ಗೌರತ್ತಿ ಅವನ ಕೈ ಹಿಡಿದುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ, “ತಪ್ಪಾತೋ ಇಮಾಮ,” ಎಂದಳು.

ಯಾವುದಕ್ಕೆ, ನನಗೇನೂ ನೆನಪಿಲ್ಲವಲ್ಲ ಅಕ್ಕಾರ ಎಂದ ಅವನು.

“ನೆನಪಿಲ್ಲಂದ್ರ ಪತ್ತೆ ಮಾಡು,” ಎಂದು ಗೌರತ್ತಿ ಗದರಿದಳು. “ನಾ ಇನ್ನೊಮ್ಮೆ ಹೇಳೂದಿಲ್ಲ.”

ಅವನು ನಕ್ಕ. ಆಕೆಯೂ ನಕ್ಕು ಗೋಡೆಯ ಕಡೆಗೆ ಹೊರಳಿದಳು. ಅವನನ್ನು ಅಂಗಳದವರೆಗೆ ಕಳಿಸಲು ಹೋದ ನಾನು, ನಿಜವಾಗಿಯೂ ಮರೆತಿದ್ದೀರಾ ಕಾಕಾ ಎಂದು ಕೇಳಿದೆ.

“ಮರಿಯೂ ಮಾತೇನವ್ವ ಅದು?” ಎಂದ ಇಮಾಮಸಾಬ. “ನೆನಪೈತಿ ಅಂದಿದ್ರ ಅಕ್ಕಾರು ಅಳತಿದ್ರು. ಅಳೂದು ಅವರಿಗೆ ಒಪ್ಪೂದಿಲ್ಲ.”

ಹಾಗೆಂದವನು ಕಂಬ ಹಿಡಿದು ನಿಂತು ತಾನೇ ಅಳತೊಡಗಿದ. ಒಳಗಿನಿಂದ ಗೌರತ್ತಿ, ಇಮಾಮ ಚಹಾ ಕುಡಿಯದೆ ಹೋಗಬ್ಯಾಡ ಎಂದು ಕೂಗುತ್ತಿದ್ದಳು. ಅವನು ಅಂಗಿಯ ತೋಳಿನಿಂದ ಮುಖ ಚೆನ್ನಾಗಿ ಒರೆಸಿಕೊಂಡ, ಟೋಪಿ ಸರಿಮಾಡಿಕೊಂಡ, ಬಂದೆನ್ರಿ ಅಕ್ಕಾರ ಎಂದು ಮತ್ತೆ ಒಳಗೆ ಹೋದ.